ಎಲೆ ಹಾಕಿದರೆ ಸಾಲದು, ಬಡಿಸಲೂ ಬೇಕು



ರೇಡಿಯೋದಲ್ಲಿ ನನಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹಾಡು ಹಾಕಬೇಕು, ನಿಮ್ಮ ಪತ್ರ ಓದಬೇಕು, ಊರಿನ ಸುದ್ದಿ ಹೇಳಬೇಕು. ನಿಧಾನವಾಗಿ ಹೇಳಬೇಕಾದ ಮಾತುಗಳು ಅಲ್ಲಿ ಹಿಡಿಸುವುದಿಲ್ಲ. ಅಂಥ ಒಂದು ಮಾತನ್ನು ಈ ಪುಟಕ್ಕೆಂದು ಎತ್ತಿಟ್ಟುಕೊಂಡಿದ್ದೆ.

ದೆಹಲಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಕೊನೆಯ ವಾರದಲ್ಲಿ ಬರುತ್ತದೆ. ಅದರ ಬೆನ್ನಲ್ಲೇ ಸಸಿ ನೆಡುವ ಹಬ್ಬ. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು ಶುರು ಮಾಡಿದ ವನಮಹೋತ್ಸವ ಈಗಲೂ ಜುಲೈ ಮೊದಲ ವಾರದಲ್ಲಿ ನಡೆಯುತ್ತದೆ. ಕಾಲೊನಿಯ ಸಮಿತಿಯವರು ಒಂದು ಟೆಂಪೋ ತುಂಬ ಸಸಿ ತರಿಸುತ್ತಾರೆ. ಮಕ್ಕಳ ಕೈಯಲ್ಲಿ ನೆಡಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಸಮೋಸಾ ಹಂಚುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಟೆಂಪೋದಲ್ಲಿ ಯಾವ ಸಸಿ ಬಂತು ಎಂದು ಎಷ್ಟು ಜನ ಕೇಳುತ್ತೇವೆ? ಬೇಗ ಬೆಳೆಯುತ್ತದೆಯೇ, ಹೂವು ಚೆನ್ನಾಗಿದೆಯೇ, ಹುಳ ಹತ್ತುವುದಿಲ್ಲವೇ? ನಮ್ಮ ಪ್ರಶ್ನೆಗಳು ಇಷ್ಟಕ್ಕೇ ಮುಗಿದುಹೋಗುತ್ತವೆ.

ನಮ್ಮ ಕಡೆ ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಿಸಿ, ಎಲೆ ಹಾಕಿ, ನೀರು ಇಟ್ಟು, ಆಮೇಲೆ ಬಡಿಸಲು ಯಾರೂ ಬರದಿದ್ದರೆ ಹೇಗಿರುತ್ತದೆ ಹೇಳಿ? ನಗರದ ಎಷ್ಟೋ ಮರಗಳು ಹಕ್ಕಿ, ಚಿಟ್ಟೆಗಳ ಪಾಲಿಗೆ ಹಾಗೇ ಇವೆ. ಎಲೆ ಹಾಕಿದೆ, ಮೇಲೆ ಏನೂ ಇಲ್ಲ. ಹಸಿರಾಗಿ ಕಾಣುವ ಮರ ಮತ್ತು ಹೊಟ್ಟೆ ತುಂಬಿಸುವ ಮರ ಎರಡೂ ಒಂದೇ ಆಗಿರಬೇಕಿಲ್ಲ. ಆ ವ್ಯತ್ಯಾಸವೇನು, ಅದಕ್ಕಾಗಿ ನಾವೇನು ಮಾಡಬಹುದು ಎಂದು ಸ್ವಲ್ಪ ಬಿಡಿಸಿ ನೋಡೋಣ.

ಗುಬ್ಬಚ್ಚಿ ಮರಿಗೆ ಅಕ್ಕಿಕಾಳು ಸಾಲದು

ದೆಹಲಿಯ ರಾಜ್ಯಪಕ್ಷಿ ಯಾವುದು ಗೊತ್ತೇ? ನಮ್ಮ ಗುಬ್ಬಚ್ಚಿ. 2012ರಲ್ಲಿ ಅದಕ್ಕೆ ಆ ಪಟ್ಟ ಸಿಕ್ಕಿತು. ನಮ್ಮಲ್ಲಿ ಅನೇಕರು ಬಾಲ್ಕನಿಯಲ್ಲಿ ಮರದ ಗೂಡು ತೂಗುಹಾಕಿದ್ದೇವೆ, ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ಅಕ್ಕಿ ಇಡುತ್ತೇವೆ. ದೊಡ್ಡ ಗುಬ್ಬಚ್ಚಿ ಕಾಳು ಹೆಕ್ಕಿ ತಿನ್ನುತ್ತದೆ ನಿಜ. ಆದರೆ ಅದೇ ತಾಯಿ ತನ್ನ ಮರಿಗೆ ಮೊದಲ ದಿನಗಳಲ್ಲಿ ತಂದು ಕೊಡುವುದು ಹುಳು, ಮರಿಹುಳು, ಗಿಡಹೇನು, ಸಣ್ಣ ಜೀರುಂಡೆ. ಎಳೆಯ ಮೈ ಬೆಳೆಯಲು ಮೆತ್ತಗಿನ, ಪ್ರೊಟೀನು ತುಂಬಿದ ಆಹಾರ ಬೇಕು. ಹಸುಗೂಸಿಗೆ ನಾವು ಮುದ್ದೆ ತಿನ್ನಿಸುತ್ತೇವೆಯೇ? ಹಾಗೆಯೇ ಇದು.

ಗುಬ್ಬಿ ಒಂದೇ ಅಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಸಿಂಪಿಗ, ಪಿಕಳಾರ ಎಂದು ನಾವು ಕರೆಯುವ ಬುಲ್‌ಬುಲ್, ಹೂವಿನ ಮುಂದೆ ರೆಕ್ಕೆ ಬಡಿಯುವ ಸೂರಕ್ಕಿ, ಎಲ್ಲವೂ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತವೆ. ಹಣ್ಣು ತಿನ್ನುವ ಹಕ್ಕಿ, ಜೇನು ಹೀರುವ ಹಕ್ಕಿ ಕೂಡ ಮರಿ ಸಾಕುವ ಕಾಲದಲ್ಲಿ ಬೇಟೆಗೆ ಇಳಿಯುತ್ತವೆ.

ಗುಬ್ಬಚ್ಚಿ ಕಡಿಮೆಯಾಗಲು ಕಾರಣ ಹಲವು. ಗೂಡು ಕಟ್ಟಲು ಸಂದಿಯಿಲ್ಲದ ಕಟ್ಟಡಗಳೂ ಅದರಲ್ಲಿ ಸೇರಿವೆ. ನಾವು ತೂಗುಹಾಕಿದ ಗೂಡು ಆ ಕೊರತೆಯನ್ನು ತುಂಬಬಹುದು. ಆದರೆ ಗೂಡಿನಲ್ಲಿ ಮೊಟ್ಟೆಯೊಡೆದ ಮೇಲೆ ಹುಳು ಎಲ್ಲಿಂದ ತರಬೇಕು? ಅದು ಸಿಗುವುದು ಸುತ್ತಲಿನ ಗಿಡಮರದ ಎಲೆಯಲ್ಲಿ. ಆ ಎಲೆ ಹುಳು ತಿನ್ನುವಂಥದ್ದಾಗಿರಬೇಕು.

ಎಲೆಗೂ ಹುಳಕ್ಕೂ ಹಳೆಯ ನಂಟು

ಗಿಡಕ್ಕೆ ಓಡಿ ತಪ್ಪಿಸಿಕೊಳ್ಳಲು ಕಾಲಿಲ್ಲ. ಆದ್ದರಿಂದ ಅದು ತನ್ನ ಎಲೆಯಲ್ಲಿ ಕಹಿ, ಒಗರು, ವಿಷ, ಅಂಟುಹಾಲು ತುಂಬಿಕೊಂಡು ಕಾವಲು ಹಾಕಿಕೊಂಡಿರುತ್ತದೆ. ಲಕ್ಷಾಂತರ ವರ್ಷ ಒಟ್ಟಿಗೇ ಬಾಳಿದ ಹುಳುಗಳು ಮಾತ್ರ ಆ ಕಾವಲನ್ನು ದಾಟುವ ಉಪಾಯ ಕಲಿತಿರುತ್ತವೆ. ಬಹುಪಾಲು ಚಿಟ್ಟೆಗಳ ಮರಿಹುಳುಗಳು ತಮಗೆ ಒಗ್ಗಿದ ಕೆಲವೇ ಗಿಡಗಳನ್ನು ತಿನ್ನುತ್ತವೆ. ಮಿಕ್ಕಿದ್ದನ್ನು ಮುಟ್ಟುವುದಿಲ್ಲ.

ಎಕ್ಕದ ಗಿಡ ನೋಡಿ. ದೆಹಲಿಯ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಮುರಿದರೆ ಬಿಳಿ ಹಾಲು. ದನ ಕೂಡ ಮೂಸಿ ಬಿಡುತ್ತದೆ. ಆದರೆ ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಪ್ಲೈನ್ ಟೈಗರ್ ಚಿಟ್ಟೆಯ ಮರಿಹುಳುವಿಗೆ ಅದೇ ಅನ್ನ. ಎಕ್ಕದ ವಿಷವನ್ನು ಅದು ತನ್ನ ಮೈಯಲ್ಲೇ ಉಳಿಸಿಕೊಂಡು, ಹಕ್ಕಿಗಳ ಬಾಯಿಗೆ ರುಚಿಯಿಲ್ಲದಂತೆ ಆಗಿಬಿಡುತ್ತದೆ. ಹಾಗೆಯೇ ಕಕ್ಕೆಮರದ, ಅಂದರೆ ಇಲ್ಲಿಯವರ ಅಮಲ್ತಾಸದ ಎಲೆ ಎಮಿಗ್ರಂಟ್ ಎಂಬ ತಿಳಿಹಳದಿ ಚಿಟ್ಟೆಗಳ ಮನೆ. ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಮುಂಚೆ ಎಲೆಯ ಮೇಲೆ ಕುಳಿತು ಮುಂಗಾಲಿನಿಂದ ತಟ್ಟುತ್ತದೆ. ಅದು ಸುಮ್ಮನೆ ಆಟವಲ್ಲ. ಅದರ ಕಾಲಿನಲ್ಲೇ ರುಚಿ ನೋಡುವ ಶಕ್ತಿಯಿದೆ. ಬೇರೆ ಜಾತಿಯ ಎಲೆ ಎಂದು ತಿಳಿದರೆ ಹಾರಿಹೋಗುತ್ತದೆ.

ಈಗ ದೂರದ ಖಂಡದಿಂದ ತಂದು ನೆಟ್ಟ ಮರದ ವಿಚಾರ. ಅದರ ಎಲೆಯ ಬೀಗಕ್ಕೆ ಇಲ್ಲಿನ ಹೆಚ್ಚಿನ ಹುಳುಗಳ ಬಳಿ ಕೀಲಿಕೈ ಇರುವುದಿಲ್ಲ. ನರ್ಸರಿಯವರು ‘ಇದಕ್ಕೆ ಹುಳ ಹತ್ತುವುದೇ ಇಲ್ಲ ಸಾರ್’ ಎಂದು ಹೊಗಳುತ್ತಾರಲ್ಲ, ಅದರ ಅರ್ಥ ಇದೇ. ಹುಳ ಹತ್ತದ ಮರದಲ್ಲಿ ಹಕ್ಕಿಯ ಮರಿಗೆ ಊಟವಿಲ್ಲ.

ಹಾಗಾದರೆ ಪರದೇಶದ ಗಿಡದ ಹೂವಿಗೂ ಚಿಟ್ಟೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ. ಲಂಟಾನದ ಹೂವಿಗೆ ಎಷ್ಟೋ ಚಿಟ್ಟೆಗಳು ಮುತ್ತುತ್ತವೆ. ಆದರೆ ದೊಡ್ಡ ಚಿಟ್ಟೆ ಮಧು ಕುಡಿಯುವುದು ಹೋಟೆಲಿಗೆ ಹೋಗಿ ಕಾಫಿ ಕುಡಿದಂತೆ. ಮರಿ ಹುಟ್ಟಿ ಬೆಳೆಯಲು ಮನೆ ಬೇಕು, ದಿನವೂ ಅಡುಗೆ ಬೇಕು. ಅದು ತನ್ನ ಗಿಡದಲ್ಲಿ ಮಾತ್ರ ಸಾಧ್ಯ.

ಇದರ ಲೆಕ್ಕವನ್ನು ಅಮೆರಿಕದಲ್ಲಿ ಹಾಕಿ ನೋಡಿದ್ದಾರೆ. ಅಲ್ಲಿ ಚಿಕಡೀ ಎಂಬ, ಗುಬ್ಬಿಗಿಂತ ಚಿಕ್ಕ ಹಕ್ಕಿಯಿದೆ. ಒಂದು ಜೋಡಿ ತನ್ನ ಒಂದು ಸಲದ ಮರಿಗಳನ್ನು ಹಾರುವಷ್ಟು ದೊಡ್ಡದು ಮಾಡಲು 6,000ದಿಂದ 9,000 ಮರಿಹುಳುಗಳನ್ನು ಹಿಡಿದು ತರಬೇಕು. ವಾಷಿಂಗ್‌ಟನ್ ನಗರದ ಮನೆಯಂಗಳಗಳಲ್ಲಿ ಈ ಹಕ್ಕಿಯನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿಗಳು 2018ರಲ್ಲಿ ಒಂದು ವರದಿ ಪ್ರಕಟಿಸಿದರು. ಅಂಗಳದ ಗಿಡಮರಗಳಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಅಲ್ಲಿನ ನೆಲದವೇ ಆಗಿದ್ದರೆ ಮಾತ್ರ ಆ ಹಕ್ಕಿಯ ಸಂತತಿ ಕುಗ್ಗದೆ ಉಳಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅಂಕಿಗಳು ಅಲ್ಲಿಯ ಹಕ್ಕಿಯವು. ಆದರೆ ಎಲೆ, ಹುಳು, ಮರಿ ಎಂಬ ಮೂರು ಮೆಟ್ಟಿಲು ಎಲ್ಲ ಊರಿನಲ್ಲೂ ಒಂದೇ.

ಯಾವುದು ಇಲ್ಲಿಯ ಮರ?

‘ದೇಶೀ ಮರ’ ಎಂದ ಕೂಡಲೇ ನಮಗೆ ಇಡೀ ಭಾರತದ ಮರ ಎಂಬ ಭಾವನೆ ಬರುತ್ತದೆ. ಆದರೆ ಮರಕ್ಕೆ ಪಾಸ್‌ಪೋರ್ಟ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಣ್ಣು, ಮಳೆ, ಬಿಸಿಲು.

ದೆಹಲಿಯ ರಸ್ತೆಗಳಲ್ಲಿ ಅಕ್ಟೋಬರ್ ಸಂಜೆ ಮೂಗಿಗೆ ಬಡಿಯುವ ಗಾಢ ಪರಿಮಳ ನಿಮಗೆ ಗೊತ್ತಿದೆ. ಅದು ಸಪ್ತಪರ್ಣಿ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದು ಹಾಲೆ ಮರ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅದರ ತೊಗಟೆಯ ಕಷಾಯ ಕುಡಿದು ಮುಖ ಕಿವುಚಿದ ನೆನಪು ಕರಾವಳಿಯ ಯಾರಿಗೂ ಮರೆಯುವಂಥದ್ದಲ್ಲ. ಅಪ್ಪಟ ಭಾರತದ ಮರವೇ. ಆದರೆ ಅದರ ತವರು ಮಳೆ ಚೆನ್ನಾಗಿ ಸುರಿಯುವ ಕಾಡು. ಅರಾವಳಿಯ ಒಣ ಕಲ್ಲುನೆಲದ ದೆಹಲಿಯಲ್ಲಿ ಅದೂ ನಮ್ಮ ಹಾಗೆ ಹೊರಗಿನಿಂದ ಬಂದದ್ದೇ.

ಹಾಗಾದರೆ ಇಲ್ಲಿಯ ನೆಲದ ಮಕ್ಕಳು ಯಾರು? ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ, ಯಾಕೆಂದರೆ ಅರ್ಧಕ್ಕರ್ಧ ನಮ್ಮ ಬಯಲುಸೀಮೆಯ ನೆಂಟರೇ. ಇಲ್ಲಿಯವರು ಢಾಕ್ ಅಥವಾ ಪಲಾಶ್ ಎನ್ನುವುದು ನಮ್ಮ ಮುತ್ತುಗ, ಊಟದ ಎಲೆ ಹಚ್ಚುತ್ತಿದ್ದೆವಲ್ಲ, ಅದೇ. ಬೇರ್ ಎಂದರೆ ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯುವ ಎಲಚಿ, ಉತ್ತರ ಕರ್ನಾಟಕದವರ ಬಾರಿಹಣ್ಣು. ದೇಸಿ ಕೀಕರ್ ನಮ್ಮ ಕರಿಜಾಲಿ. ರೋಂಜ್ ನಮ್ಮ ಬಿಳಿಜಾಲಿ. ಲಸೋಡಾ ನಮ್ಮ ಚಳ್ಳೆಹಣ್ಣು. ಗೂಲರ್ ನಮ್ಮ ಅತ್ತಿ, ಪಿಲ್ಖನ್ ನಮ್ಮ ಬಸರಿ. ಪೊದೆಗಳಲ್ಲಿ ಅಡೂಸಾ ಎಂದರೆ ಕೆಮ್ಮಿಗೆ ಅಜ್ಜಿ ಕೊಡುತ್ತಿದ್ದ ಆಡುಸೋಗೆ. ಇವುಗಳ ಜೊತೆಗೆ ಕಲ್ಲುಗುಡ್ಡದ ಮೇಲೆ ಬೆಳೆಯುವ ಧೌ, ಎಲೆಯೇ ಇಲ್ಲದಂತೆ ಕಾಣುವ ಮುಳ್ಳುಪೊದೆ ಕೈರ್, ಹಣ್ಣು ಬಿಡುವ ಪೀಲು.

ಧೌ ಕಾಡು ಹೇಗಿತ್ತು ಎಂದು ನೋಡಬೇಕಾದರೆ ಗುರುಗ್ರಾಮ–ಫರೀದಾಬಾದ್ ಮಧ್ಯದಲ್ಲಿರುವ ಮಂಗರ್ ಬನಿ ಇದೆ. ಹಳ್ಳಿಯವರು ಗುದರಿಯಾ ಬಾಬಾನ ಮೇಲಿನ ಭಕ್ತಿಯಿಂದ ಅಲ್ಲಿ ಒಂದು ಕೊಂಬೆಯನ್ನೂ ಕಡಿಯದೆ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆಯಲ್ಲ, ಇದೂ ಅದೇ ಬಗೆಯದು. ದೇವರ ಹೆಸರು ಬೇರೆ, ಕಟ್ಟುಪಾಡು ಒಂದೇ.

ಎಲ್ಲ ಭಾಷೆಯಲ್ಲೂ ಒಂದೇ ದೂರು

ಈಗ ಇನ್ನೊಂದು ಮರದ ಕಥೆ. ದೆಹಲಿಯ ರಿಡ್ಜ್ ಎಂಬ ಗುಡ್ಡಸಾಲಿನಲ್ಲಿ ನಡೆದವರು ನೋಡಿರುತ್ತೀರಿ, ಕಣ್ಣು ಹಾಯಿಸಿದಷ್ಟು ದೂರ ಒಂದೇ ಬಗೆಯ ಮುಳ್ಳುಮರ. ಇದು ವಿಲಾಯತಿ ಕೀಕರ್. ಚೆನ್ನೈಯಿಂದ ವರ್ಗವಾಗಿ ಬಂದವರು ಇದನ್ನು ಸೀಮೈ ಕರುವೇಲಂ ಎಂದು ಗುರುತಿಸುತ್ತಾರೆ. ಹೈದರಾಬಾದಿನವರು ಸರ್ಕಾರು ತುಮ್ಮ ಎನ್ನುತ್ತಾರೆ. ಗುಜರಾತಿನಲ್ಲಿ ಗಾಂಡೋ ಬಾವಳ್, ಅಂದರೆ ಹುಚ್ಚುಜಾಲಿ. ನಮ್ಮಲ್ಲಿ ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿ ಇದ್ದರೂ ಅದರ ತವರು ಮೆಕ್ಸಿಕೋ ಮತ್ತು ಅದರಾಚೆಯ ಅಮೆರಿಕದ ನಾಡುಗಳು.

19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಭಾರತಕ್ಕೆ ಬಂತು. ಹೊಸ ರಾಜಧಾನಿ ಕಟ್ಟುವ ಕಾಲದಲ್ಲಿ ಬ್ರಿಟಿಷರು ರಿಡ್ಜನ್ನು ಬೇಗ ಹಸಿರು ಮಾಡಲು ಇದನ್ನು ನೆಟ್ಟರು. ಹಸಿರೇನೋ ಬೇಗನೆ ಆಯಿತು. ಇದರ ಎಲೆಯನ್ನು ಆಡು, ದನ ಮುಟ್ಟುವುದಿಲ್ಲ. ಸಿಹಿಯಾದ ಕಾಯಿಯನ್ನು ಮಾತ್ರ ತಿಂದು, ಬೀಜವನ್ನು ಸಗಣಿಯ ಜೊತೆ ಊರೆಲ್ಲ ಬಿತ್ತುತ್ತವೆ. ಬೇರು ತುಂಬ ಆಳಕ್ಕೆ ಇಳಿಯುತ್ತದೆ. ಉದುರಿದ ಎಲೆಯಿಂದ ಇಳಿಯುವ ರಸಾಯನ ಬೇರೆ ಸಸಿ ಮೊಳೆಯದಂತೆ ತಡೆಯುತ್ತದೆ. ಹೀಗೆ ಕೆಲವೇ ದಶಕಗಳಲ್ಲಿ ಧೌ, ಮುತ್ತುಗ, ಕೈರ್ ಇದ್ದ ಜಾಗ ಒಂದೇ ಮರದ ಪಾಲಾಯಿತು. ಹತ್ತು ಬಗೆಯ ಅಡುಗೆ ಇದ್ದ ಮನೆಯಲ್ಲಿ ಒಂದೇ ಪಾತ್ರೆ ಉಳಿದಂತೆ.

ಇದರ ಹತ್ತಿರದ ನೆಂಟನೊಬ್ಬ ಇಲ್ಲಿಯ ನೆಲದಲ್ಲೇ ಇದ್ದಾನೆ. ಅದು ಖೇಜ್ರಿ, ಇಲ್ಲಿನ ಹಳ್ಳಿಗರ ಜಾಂಟ್. ನಮಗೆ ಅದು ಶಮಿ, ದಸರೆಯ ಬನ್ನಿ. ಬಂಗಾರ ತಗೊಂಡು ಬಂಗಾರದ ಹಾಗಿರೋಣ ಎಂದು ವಿಜಯದಶಮಿಗೆ ಹಂಚುವ ಎಲೆ. ಇದರ ನೆರಳಿನಲ್ಲಿ ಬೆಳೆ ಚೆನ್ನಾಗಿ ಬರುತ್ತದೆ, ಸೊಪ್ಪು ಆಡಿಗೆ ಮೇವು, ಎಳೆಗಾಯಿ ಮನುಷ್ಯನಿಗೆ ಪಲ್ಯ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಹಳ್ಳಿಯಲ್ಲಿ ಈ ಮರಗಳನ್ನು ಕಡಿಯಲು ಬಂದ ರಾಜನ ಆಳುಗಳ ಎದುರು ಅಮೃತಾದೇವಿ ಮತ್ತು ಬಿಷ್ಣೋಯಿ ಜನ ಮರವನ್ನು ತಬ್ಬಿ ನಿಂತರು. 363 ಮಂದಿ ಪ್ರಾಣ ಕೊಟ್ಟರು ಎಂದು ಆ ಸಮುದಾಯ ಇಂದಿಗೂ ನೆನೆಯುತ್ತದೆ. ಎರಡೂ ಒಂದೇ ಕುಲದ ಮರಗಳೆಂದೇ ಎಣಿಸಲಾಗುತ್ತಿತ್ತು. ಒಂದು ಸುತ್ತಲಿನವರಿಗೆಲ್ಲ ಬಡಿಸಿತು, ಇನ್ನೊಂದು ಪಂಕ್ತಿಯನ್ನೇ ಎಬ್ಬಿಸಿತು.

ಹಾಗೆಂದು ವಿಲಾಯತಿ ಕೀಕರನ್ನೆಲ್ಲ ನಾಳೆಯೇ ಕಡಿದುಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಷ್ಟೋ ಬಡವರ ಒಲೆಗೆ ಅದೇ ಸೌದೆ. ನವಿಲು, ನೀಲಗಾಯಿಗಳಿಗೆ ಸದ್ಯಕ್ಕೆ ಅದೇ ಮರೆ. ಒಮ್ಮೆಲೇ ತೆಗೆದರೆ ಇದ್ದ ನೆರಳೂ ಹೋಗಿ ಮಣ್ಣು ಕೊಚ್ಚಿಹೋಗುತ್ತದೆ.

ತಿರುಗಿ ಬಂದ ಕಾಡು

ಇದಕ್ಕೆ ದಾರಿ ತೋರಿಸಿದ್ದು ದೆಹಲಿಯೇ. ಆರ್.ಕೆ. ಪುರಂನ ನಮ್ಮ ಕರ್ನಾಟಕ ಸಂಘದಿಂದ ಹೆಚ್ಚು ದೂರವಿಲ್ಲದ ವಸಂತ ವಿಹಾರದಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ಸುಮಾರು 690 ಎಕರೆ. ಒಂದು ಕಾಲದಲ್ಲಿ ಅಲ್ಲಿ ಅಭ್ರಕ, ಕಟ್ಟಡಕ್ಕೆ ಬಳಸುವ ಬದರ್‌ಪುರ ಮರಳು ಅಗೆದು ಅಗೆದು ಗುಂಡಿ ಮಾಡಿಹಾಕಿದ್ದರು. ಆಮೇಲೆ ಹಬ್ಬಿದ್ದು ವಿಲಾಯತಿ ಕೀಕರ್. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಸೇರಿ ಆ ನೆಲವನ್ನು ಮತ್ತೆ ಕಾಡು ಮಾಡಲು ಹೊರಟಿತು. ಪ್ರೊಫೆಸರ್ ಸಿ.ಆರ್. ಬಾಬು ಅವರು ಈ ಕೆಲಸದ ಮುಂದಾಳು.

ಅವರು ಹಿಡಿದ ಉಪಾಯ ಸರಳ. ಕೀಕರನ್ನು ಬುಡಸಹಿತ ಕೀಳಲಿಲ್ಲ. ಅದರ ಕೆಳಗಿನ ಕೊಂಬೆಗಳನ್ನು ಸವರಿ ನೆಲಕ್ಕೆ ಬಿಸಿಲು ಬೀಳುವಂತೆ ಮಾಡಿದರು. ಆ ಬಿಸಿಲಿನಲ್ಲಿ ಇಲ್ಲಿಯ ಮರ, ಪೊದೆ, ಬಳ್ಳಿ, ಹುಲ್ಲುಗಳನ್ನು ಒಟ್ಟಿಗೇ ಬೆಳೆಸಿದರು. ಸಸಿಗಳು ಎತ್ತರಕ್ಕೆ ಬಂದು ನೆರಳು ಹರಡಿದಂತೆ, ಬಿಸಿಲನ್ನೇ ನಂಬಿದ ಕೀಕರ್ ಸೊರಗುತ್ತ ಹೋಯಿತು. ಇವತ್ತು ಅಲ್ಲಿ ಚಿಟ್ಟೆಗಳಿಗೆಂದೇ ಬೆಳೆಸಿದ ತೋಟವಿದೆ. ರಜಾದಿನದ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ.

ಊರಿನ ಉತ್ತರ ತುದಿಯ ವಜೀರಾಬಾದ್ ಬಳಿ ಇದಕ್ಕೆ ಮೊದಲೇ ಶುರುವಾದ ಯಮುನಾ ಜೀವವೈವಿಧ್ಯ ಉದ್ಯಾನವಿದೆ. ನದಿ ಬಯಲಿನ ಬಂಜರು ಜಾಗದಲ್ಲಿ ಕೆರೆ, ಹುಲ್ಲು, ನೆಲದ ಮರಗಳನ್ನು ಮರಳಿ ತಂದರು. ಚಳಿಗಾಲದಲ್ಲಿ ವಲಸೆ ಬಾತುಗಳು ಬರುತ್ತವೆ. 2016ರ ನವೆಂಬರ್‌ನಲ್ಲಿ ಅಲ್ಲಿ ಚಿರತೆಯೊಂದು ಬಂದು ಬಿಡಾರ ಹೂಡಿದ ಸುದ್ದಿ ನಿಮಗೆ ನೆನಪಿರಬಹುದು. ಕೊನೆಗೆ ಅದನ್ನು ಹಿಡಿದು ಬೇರೆ ಕಾಡಿಗೆ ಬಿಡಬೇಕಾಯಿತು. ಆದರೂ ನಗರದ ಅಂಚಿನಲ್ಲಿ ಬೆಳೆಸಿದ ಒಂದು ತುಂಡು ನೆಲವನ್ನು ಚಿರತೆ ಕಾಡು ಎಂದು ನಂಬಿತಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ?

ಹನ್ನೆರಡು ತಿಂಗಳ ಅಡುಗೆ

ಒಂದೇ ಜಾತಿಯ ನೂರು ಮರ ನೆಟ್ಟರೆ ಒಂದು ತಿಂಗಳು ಹಬ್ಬದೂಟ, ಹನ್ನೊಂದು ತಿಂಗಳು ಉಪವಾಸ. ಆದ್ದರಿಂದ ಬೇರೆ ಬೇರೆ ಕಾಲದಲ್ಲಿ ಹೂ, ಹಣ್ಣು ಬಿಡುವ ಗಿಡಗಳು ಜೊತೆಗಿರಬೇಕು. ದೆಹಲಿಯ ವರ್ಷ ಹೀಗಿರುತ್ತದೆ ನೋಡಿ.

ಜನವರಿ, ಫೆಬ್ರವರಿಯಲ್ಲಿ ಎಲಚಿ ಹಣ್ಣಾಗುತ್ತದೆ. ಫೆಬ್ರವರಿ ಕೊನೆಯಿಂದ ಬೂರುಗದ ಮರ, ಅಂದರೆ ಸೇಮಲ್, ಎಲೆಯಿಲ್ಲದ ಕೊಂಬೆಯ ತುಂಬ ಕೆಂಪು ಬಟ್ಟಲಿನಂಥ ಹೂ ಹಿಡಿದು ನಿಲ್ಲುತ್ತದೆ. ಕಾಗೆ, ಗೊರವಂಕ, ಸೂರಕ್ಕಿ, ಅಳಿಲು ಎಲ್ಲರೂ ಅಲ್ಲಿಯೇ. ಚಳಿ ಕಳೆಯುವ ಹೊತ್ತಿಗೆ ಆಡುಸೋಗೆಯ ಬಿಳಿ ಹೂವಿಗೆ ಸೂರಕ್ಕಿ ಮತ್ತೆ ಹಾಜರು. ಮಾರ್ಚ್‌ನಲ್ಲಿ ಮುತ್ತುಗ, ಅದರ ಹಿಂದೆಯೇ ಕೈರ್ ಪೊದೆಯ ಕೆಂಪು ಹೂ. ಕೈರ್ ಎಲೆ ಪಯೊನಿಯರ್ ಎಂಬ ಬಿಳಿ ಚಿಟ್ಟೆಯ ಮರಿಗಳಿಗೂ ಊಟ. ಬೇಸಿಗೆಯಲ್ಲಿ ಪೀಲು ಹಣ್ಣು. ಮೇ, ಜೂನ್‌ನಲ್ಲಿ ಕಕ್ಕೆಯ ಬಂಗಾರದ ಗೊಂಚಲು. ಮಳೆ ಶುರುವಾಗುವಾಗ ನೇರಳೆ ಮತ್ತು ಬೇವಿನ ಹಣ್ಣು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಲಚಿಯ ಸಣ್ಣ ಹಸಿರು ಹೂವಿಗೆ ಜೇನು, ಕಣಜ, ನೊಣಗಳ ಸಂತೆ.

ಇವೆಲ್ಲದರ ನಡುವೆ ಅಡುಗೆಮನೆಯ ಹಿರಿಯಳಂತೆ ಇರುವುದು ಅತ್ತಿ, ಬಸರಿ, ಆಲ, ಅರಳಿಗಳ ಬಳಗ. ಇವುಗಳ ಹೂವು ಹಣ್ಣಿನೊಳಗೇ ಅಡಗಿರುತ್ತದೆ. ಪ್ರತಿಯೊಂದು ಜಾತಿಗೂ ಅದರದ್ದೇ ಆದ ಪುಟ್ಟ ಕಣಜವಿದ್ದು, ಪರಾಗ ಮುಟ್ಟಿಸುವುದು ಅದೇ. ಆ ಕಣಜದ ಬಾಳು ಕೆಲವೇ ದಿನ. ಅದರ ವಂಶ ಮುಂದುವರಿಯಲು ಎಲ್ಲಾದರೂ ಒಂದು ಮರ ಕಾಯಿ ಕಚ್ಚುತ್ತಲೇ ಇರಬೇಕು. ಹಾಗಾಗಿ ಒಂದು ಮರದ ಹಣ್ಣು ಮುಗಿದಾಗ ಇನ್ನೊಂದರಲ್ಲಿ ಶುರುವಾಗಿರುತ್ತದೆ. ಬೇರೇನೂ ಸಿಗದ ದಿನಗಳಲ್ಲಿ ಬೂದು ಮಂಗಟ್ಟೆ, ಹಸಿರು ಪಾರಿವಾಳ, ಟುಕ್ ಟುಕ್ ಎಂದು ಬಿಸಿಲಿನಲ್ಲಿ ಕೂಗುವ ಚೆಂಬುಕುಟಿಗ ಇವುಗಳನ್ನೇ ನಂಬಿಕೊಂಡಿರುತ್ತವೆ.

ಕರಿಬೇವಿಗೆ ಹುಳ ಬಿದ್ದಿದೆಯೇ?

ನಮ್ಮ ಫೋನ್‌ ಕಾರ್ಯಕ್ರಮದಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು: ‘ಕುಂಡದಲ್ಲಿ ಕರಿಬೇವು ಹಾಕಿದ್ದೇನೆ, ಹುಳ ಬಿದ್ದಿದೆ, ಏನು ಹೊಡೆಯಬೇಕು?’

ಏನೂ ಹೊಡೆಯಬೇಡಿ ತಾಯಿ. ಹಕ್ಕಿ ಹಿಕ್ಕೆಯಂತೆ ಕಾಣುವ ಆ ಕಪ್ಪುಬಿಳಿ ಹುಳು ನಿಂಬೆ ಚಿಟ್ಟೆಯದೋ, ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯದೋ ಇರಬಹುದು. ಹಿಕ್ಕೆಯ ವೇಷ ಹಾಕಿದ್ದು ಹಕ್ಕಿಯ ಕಣ್ಣು ತಪ್ಪಿಸಲು. ದೊಡ್ಡದಾದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕವಲೊಡೆದ ಕೊಂಬೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ಮೂರು ನಾಲ್ಕು ವಾರ ಸಾಕು. ಅಷ್ಟು ದಿನ ಒಗ್ಗರಣೆಗೆ ಪಕ್ಕದ ಅಂಗಡಿಯಿಂದ ಕರಿಬೇವು ತನ್ನಿ. ಗಿಡ ಮತ್ತೆ ಚಿಗುರುತ್ತದೆ. ಮನೆಯ ಮಗು ಕೋಶದಿಂದ ಚಿಟ್ಟೆ ಹೊರಬರುವುದನ್ನು ಒಂದು ಸಲ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಅಕಸ್ಮಾತ್ ಸಿಂಪಿಗ ಹಕ್ಕಿ ಬಂದು ಹುಳುವನ್ನು ಎತ್ತಿಕೊಂಡು ಹೋದರೆ ಬೇಸರ ಬೇಡ. ಎಲ್ಲೋ ಒಂದು ಮರಿಯ ಬಾಯಿಗೆ ತುತ್ತು ಬಿತ್ತು ಎಂದುಕೊಳ್ಳಿ.

ನೋಡಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದರೂ ನಾವು ಬಡಿಸಬಹುದು. ಕರಿಬೇವು ಒಂದು, ನಿಂಬೆ ಒಂದು, ಸಾಧ್ಯವಾದರೆ ದೊಡ್ಡ ಕುಂಡದಲ್ಲಿ ಆಡುಸೋಗೆ ಒಂದು. ಮೂರು ಕುಂಡ, ಔಷಧಿ ಸಿಂಪಡಿಸದ ಒಂದು ಬಾಲ್ಕನಿ. ಅಷ್ಟು ಸಾಕು.

ನೆಡುವ ಮುನ್ನ ನಾಲ್ಕು ಮಾತು

ನೆಲಮಹಡಿಯವರಿಗೆ, ಕಾಲೊನಿ ಸಮಿತಿಯಲ್ಲಿರುವವರಿಗೆ ಈ ಮಾತುಗಳು. ಕತ್ತರಿಸಿ ಇಟ್ಟುಕೊಳ್ಳಿ.

ಒಂದು, ನರ್ಸರಿಯಲ್ಲಿ ಹಿಂದಿ ಹೆಸರಿನಿಂದ ಕೇಳಿ. ಮನೆಯಂಚಿನ ಕಿರಿದಾದ ಜಾಗಕ್ಕೆ ಅಡೂಸಾ, ಬೇಲಿಗೆ ಕೈರ್, ಮಧ್ಯಮ ಜಾಗಕ್ಕೆ ಅಮಲ್ತಾಸ್, ಲಸೋಡಾ, ಢಾಕ್. ಉದ್ಯಾನದ ವಿಶಾಲ ನೆಲಕ್ಕೆ ಮಾತ್ರ ಪಿಲ್ಖನ್, ಗೂಲರ್, ಸೇಮಲ್, ಜಾಮೂನ್. ಆಲ, ಅರಳಿ, ಅತ್ತಿಯ ಬೇರು ಗೋಡೆ, ಪೈಪು ಒಡೆಯುತ್ತದೆ, ಹಣ್ಣು ಕಾರಿನ ಮೇಲೆ ಉದುರುತ್ತದೆ. ಜಾಗ ನೋಡದೆ ನೆಟ್ಟು, ಹತ್ತು ವರ್ಷದ ಮೇಲೆ ಮರವನ್ನು ಬೈಯುವುದು ನ್ಯಾಯವಲ್ಲ. ಎಲಚಿಗೆ, ಕೈರ್‌ಗೆ ಮುಳ್ಳಿದೆ, ಮಕ್ಕಳು ಆಡುವ ಕಡೆ ಬೇಡ. ಅರಣ್ಯ ಇಲಾಖೆಯ ನರ್ಸರಿಗಳಲ್ಲೂ ಮಳೆಗಾಲದಲ್ಲಿ ಸಸಿ ಸಿಗುತ್ತದೆ, ವಿಚಾರಿಸಿ.

ಎರಡು, ಮರ ಒಂದನ್ನೇ ನೆಡಬೇಡಿ, ಅದರ ಕಾಲಬುಡದಲ್ಲಿ ಪೊದೆಗಳೂ ಇರಲಿ. ಸಣ್ಣ ಹಕ್ಕಿಗಳು ಗೂಡು ಕಟ್ಟುವುದು, ಶಿಕ್ರಾ ಬಂದಾಗ ಓಡಿ ಅವಿತುಕೊಳ್ಳುವುದು ಪೊದೆಯಲ್ಲಿ. ಮಾಲಿ ಪ್ರತಿ ತಿಂಗಳು ಕತ್ತರಿ ಹಾಕಿ ಚೌಕ ಮಾಡಿದ ಬೇಲಿಯಲ್ಲಿ ಹೂವೂ ಇಲ್ಲ, ಗೂಡೂ ಇಲ್ಲ.

ಮೂರು, ಬುಡಕ್ಕೆ ಉಸಿರಾಡಲು ಬಿಡಿ. ಮರದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಮುಕ್ತಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಗೆ 2013ರಲ್ಲೇ ಆದೇಶ ಕೊಟ್ಟಿದೆ. ನಿಮ್ಮ ಬೀದಿಯಲ್ಲಿ ಟೈಲ್ಸ್ ಹಾಕುವವರು ಬಂದಾಗ ಈ ಮಾತು ನೆನಪಿಸಿ. ಉದುರಿದ ಎಲೆಯನ್ನು ಸುಡಬೇಡಿ. ಇಲ್ಲಿ ಅದು ನಿಷಿದ್ಧ ಕೂಡ. ಮೂಲೆಯಲ್ಲಿ ರಾಶಿ ಹಾಕಿದರೆ ಗೊಬ್ಬರವೂ ಆಗುತ್ತದೆ, ಅದನ್ನು ಕೆದಕಿ ಹುಳು ಹುಡುಕುವ ಹಕ್ಕಿಗಳಿಗೆ ಅನುಕೂಲವೂ ಆಗುತ್ತದೆ.

ನಾಲ್ಕು, ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರು ಎಂದು ನೆಡುವ ದಿನವೇ ತೀರ್ಮಾನ ಮಾಡಿ. ಇಲ್ಲಿಯ ಒಣ ನೆಲದ ಮರ ಒಮ್ಮೆ ಬೇರೂರಿದರೆ ಆಮೇಲೆ ನಿಮ್ಮನ್ನು ಹೆಚ್ಚು ಕೇಳುವುದಿಲ್ಲ. ಬೇರೂರುವ ತನಕ ಮಾತ್ರ ಕೈ ಹಿಡಿಯಬೇಕು.

ಇನ್ನು ಈಗಾಗಲೇ ಬೆಳೆದು ನಿಂತ ಗುಲ್‌ಮೊಹರ್ ಮುಂತಾದ ಪರದೇಶದ ಮರಗಳ ಗತಿಯೇನು? ಅವು ಹಾಗೇ ಇರಲಿ. ನೆರಳು ಕೊಡುತ್ತವೆ, ಗೂಡಿಗೆ ಕೊಂಬೆ ಕೊಡುತ್ತವೆ. 1994ರ ದೆಹಲಿ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಇದ್ದದ್ದನ್ನು ತೆಗೆಯುವ ಮಾತು ನಮ್ಮದಲ್ಲ. ಹೊಸದಾಗಿ ನೆಡುವ ಗುಂಡಿಗೆ ಏನು ಇಳಿಯಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಇವತ್ತು ನೆಟ್ಟ ಮರ ನಾವು ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಇಲ್ಲೇ ನಿಂತಿರುತ್ತದೆ. ಅಷ್ಟು ವರ್ಷ ಅದು ಯಾರಿಗಾದರೂ ಬಡಿಸುತ್ತದೆಯೋ, ಬರೀ ಎಲೆ ಹಾಕಿಕೊಂಡು ಕೂತಿರುತ್ತದೆಯೋ ಎಂಬುದು ಆ ಒಂದು ದಿನದ ಆಯ್ಕೆಯ ಮೇಲೆ ನಿಂತಿದೆ.

ಈ ಜುಲೈನಲ್ಲಿ ನಿಮ್ಮ ಕಾಲೊನಿಗೆ ಸಸಿಯ ಟೆಂಪೋ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಯಾರು ಉಣ್ಣುತ್ತಾರೆ?’ ಉತ್ತರ ಸಿಗದಿದ್ದರೆ ಮೇಲಿನ ಪಟ್ಟಿಯಿಂದ ಎರಡು ಹೆಸರು ಹೇಳಿ. ನಿಮ್ಮ ಬಾಲ್ಕನಿಯಲ್ಲಿ, ಉದ್ಯಾನದಲ್ಲಿ ಯಾವ ಗಿಡಕ್ಕೆ ಯಾವ ಹಕ್ಕಿ, ಯಾವ ಚಿಟ್ಟೆ ಬಂತು ಎಂದು ನಮಗೆ ಬರೆದು ತಿಳಿಸಿ. ನಿಮ್ಮ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ. ಗಿಡದ ಹೆಸರನ್ನು ನಿಮ್ಮೂರಿನ ಕನ್ನಡದಲ್ಲೇ ಬರೆಯಿರಿ. ಬೀದರಿನವರು, ಮಂಗಳೂರಿನವರು, ಮಂಡ್ಯದವರು ಒಂದೇ ಗಿಡಕ್ಕೆ ಏನೇನು ಹೆಸರಿಟ್ಟಿದ್ದಾರೆ ಎಂದು ಕೇಳುವುದೇ ಒಂದು ಸೊಗಸು.

ಮತ್ತೆ ಗಾಳಿಯ ಅಲೆಗಳಲ್ಲಿ ಸಿಗೋಣ. ನಮಸ್ಕಾರ.